ನಿಲ್ಲದ ಪೆಡಲಿಗೆ ಯಾವ ಫ್ರೇಮು?

ಸಿಂಧನೂರಿನಿಂದ ಆರ್.ಎಚ್. ಕ್ಯಾಂಪುಗಳ ಕಡೆಗೆ ಹೊರಟರೆ ರಸ್ತೆಗೆ ಹೇಳಿಕೊಳ್ಳುವಂಥ ಏರೂ ಇಲ್ಲ, ಇಳಿಜಾರೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಯಾರ ಹಂಗೂ ಇಲ್ಲದೆ ಹರಿದು ಗದ್ದೆ ಸೇರಬೇಕಾದ ನೆಲ ಇದು. ಇಂಥಲ್ಲಿ ಕಾಲುವೆಯ ತಳ ಕಿಲೋಮೀಟರಿಗೆ ಇಳಿಯುವುದು ಗೇಣು, ಮೊಳಗಳ ಲೆಕ್ಕದಲ್ಲಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ್ದು ಈ ಬಯಲಿನಲ್ಲೇ. ಹೆಸರಿನ ಬದಲು ನಂಬರು ಹೊತ್ತ ಆ ಕ್ಯಾಂಪುಗಳ ಸುತ್ತ ಇವತ್ತು ಕಣ್ಣು ಹಾಯುವಷ್ಟು ದೂರ ಭತ್ತ. ಮಸ್ಕಿಯ ಕಡೆ ತಿರುಗಿದರೆ ಕಲ್ಲುಗುಡ್ಡಗಳು ತಲೆಯೆತ್ತುತ್ತವೆ. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿದ್ದು ಅಲ್ಲೇ. ಅಲ್ಲಿಂದ ಲಿಂಗಸೂಗೂರಿನವರೆಗೆ ನೆಲ ನಿಧಾನವಾಗಿ ಏರುತ್ತ, ಅಲ್ಲಲ್ಲಿ ಇಳಿಯುತ್ತ ಹೋಗುತ್ತದೆ. ಆದರೆ ಘಾಟಿ ಅನ್ನುವಂಥದ್ದು ಒಂದೂ ಇಲ್ಲ.

ಇಂಥ ನೆಲದಲ್ಲಿ ಇಪ್ಪತ್ತೊಂದು ಗೇರುಗಳ ಸೈಕಲ್ ಕೊಂಡವರು ಅದರಲ್ಲಿ ಎರಡೋ ಮೂರೋ ಗೇರು ಬಳಸಿ ಉಳಿದವನ್ನು ತುಕ್ಕಿಗೆ ಬಿಡುತ್ತಾರೆ. ಹಾಗಾಗಿ ಒಂದೇ ಗೇರಿನ ಸೈಕಲ್ ಇಲ್ಲಿಗೆ ಸಾಕು ಎಂಬ ಮಾತಿನಲ್ಲಿ ಹುರುಳಿದೆ. ಅದರಿಂದ ಒಂದು ಹೆಜ್ಜೆ ಮುಂದೆ ಹೋದರೆ ಸಿಗುವುದು ಫಿಕ್ಸ್ಡ್ ಗೇರ್ ಸೈಕಲ್. ಮಾಮೂಲಿ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಇರುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಅದರೊಳಗಿನ ಪುಟ್ಟ ಕೊಕ್ಕೆಗಳು ಟಿಕಟಿಕ ಎನ್ನುತ್ತ ಜಾರುತ್ತವೆ, ಗಾಲಿ ತನ್ನ ಪಾಡಿಗೆ ತಾನು ಉರುಳುತ್ತದೆ. ಫಿಕ್ಸ್ಡ್ ಸೈಕಲ್ಲಿನಲ್ಲಿ ಆ ಸಡಿಲಿಕೆ ಇಲ್ಲ. ಹಲ್ಲುಚಕ್ರ ನೇರವಾಗಿ ಹಬ್ಬಿಗೆ ಬಿಗಿದಿರುತ್ತದೆ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲು ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು.

ಇದು ಹೊಸ ಶೋಕಿ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ‘ರೋವರ್’ ಸೈಕಲ್ ತಂದಾಗ ಅದೂ ಫಿಕ್ಸ್ಡ್ ಆಗಿತ್ತು. ಫ್ರೀವೀಲ್ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಸ್ಪರ್ಧೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿಗೆ ಒಪ್ಪಿಗೆ ಕೊಟ್ಟದ್ದು 1937ರಲ್ಲಿ. ಗುಡ್ಡಗಾಡಿನ ರಸ್ತೆಗಳನ್ನೂ ಜನ ಒಂದು ಕಾಲದಲ್ಲಿ ಈ ನಿಲ್ಲದ ಪೆಡಲಿನಲ್ಲೇ ದಾಟಿದ್ದಾರೆ.

ಈಗ ಅದನ್ನು ಹುಡುಕಿಕೊಂಡು ಹೋಗುವವರಿಗೆ ಕಾರಣಗಳಿವೆ. ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ. ಕಾಲಿಗೂ ರಸ್ತೆಗೂ ನಡುವೆ ಸಡಿಲಿಕೆಯೇ ಇಲ್ಲದ್ದರಿಂದ ವೇಗವನ್ನು ಕಾಲಿನಿಂದಲೇ ಕೂದಲೆಳೆಯಷ್ಟು ಹೆಚ್ಚಿಸಬಹುದು, ತಗ್ಗಿಸಬಹುದು. ಒಂದೇ ಲಯದಲ್ಲಿ ತುಳಿಯುವುದನ್ನು ಕಾಲು ತಾನಾಗಿ ಕಲಿಯುತ್ತದೆ. ತರಬೇತುದಾರರು ಅಭ್ಯಾಸಕ್ಕೆ ಇದನ್ನು ಮೆಚ್ಚುವುದು ಇದಕ್ಕೇ. ಆದರೆ ಕೊಳ್ಳಲು ಹೊರಟವರಲ್ಲಿ ಬಹಳಷ್ಟು ಮಂದಿ ಎಡವುವುದು ಫ್ರೇಮಿನಲ್ಲಿ. ಫಿಕ್ಸ್ಡ್ ಎಂದಕೂಡಲೇ ಸ್ಪರ್ಧೆಯ ಟ್ರ್ಯಾಕಿಗೆಂದು ಮಾಡಿದ ಟ್ರ್ಯಾಕ್ ಫ್ರೇಮೇ ಆಗಬೇಕು ಎಂದು ತಿಳಿಯುತ್ತಾರೆ. ರಸ್ತೆಗೆ, ಅದರಲ್ಲೂ ನಮ್ಮ ರಸ್ತೆಗೆ, ಅದು ಹೇಳಿ ಮಾಡಿಸಿದ ಫ್ರೇಮ್ ಅಲ್ಲ. ಯಾಕೆ ಅಲ್ಲ ಎಂಬುದರಲ್ಲಿ ಒಳ್ಳೆಯ ಭೌತವಿಜ್ಞಾನ ಇದೆ.

ಟ್ರ್ಯಾಕ್ ಸೈಕಲ್ ನಮ್ಮ ಸೀಮೆಗೆ ಪರದೇಶಿ ವಸ್ತುವೇನಲ್ಲ. ಲಿಂಗಸೂಗೂರು ದಾಟಿ ಮುಂದೆ ಹೋದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಕರ್ನಾಟಕದ ಸೈಕ್ಲಿಂಗ್ ತಂಡದ ಜೀವಾಳ ಆ ಜಿಲ್ಲೆಗಳ ಹಳ್ಳಿ ಮಕ್ಕಳು. ವಿಜಯಪುರದ ಕ್ರೀಡಾ ವಸತಿನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಗಳಲ್ಲಿ ಪಳಗಿದವರು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಟ್ರ್ಯಾಕಿನಲ್ಲಿ ಅವರು ಓಡಿಸುವುದು ಬ್ರೇಕೇ ಇಲ್ಲದ ಫಿಕ್ಸ್ಡ್ ಸೈಕಲ್. ಅಲ್ಲಿನ ನಿಯಮವೇ ಹಾಗೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುವಾಗ ಯಾರೂ ತಟಕ್ಕನೆ ನಿಲ್ಲಬಾರದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ 250 ಮೀಟರಿನ ವೆಲೋಡ್ರೋಮಿನಲ್ಲಿ ತಿರುವುಗಳು ಗೋಡೆಯ ಹಾಗೆ ಮೇಲೆದ್ದಿವೆ. ಈ ಅಳತೆಯ ಟ್ರ್ಯಾಕುಗಳಲ್ಲಿ ತಿರುವಿನ ಓರೆ 40 ಡಿಗ್ರಿ ದಾಟುತ್ತದೆ. ನುಣುಪಾದ ಹಲಗೆ, ಎದುರಿಗೆ ಬರುವವರಿಲ್ಲ, ಕೆಸರಿಲ್ಲ, ಎಮ್ಮೆಯಿಲ್ಲ. ಟ್ರ್ಯಾಕ್ ಫ್ರೇಮಿನ ಒಂದೊಂದು ಅಳತೆಯೂ ಆ ಜಾಗಕ್ಕೆ ಒಪ್ಪುವಂತೆ ಬೆಳೆದು ಬಂದದ್ದು. ಅದರಲ್ಲಿ ಒಂದು ಅಳತೆ ನಮ್ಮ ರಸ್ತೆಗೂ ಬೇಕು, ಮಿಕ್ಕವು ಬೇಡ.

ಬೇಕಾದ ಆ ಒಂದನ್ನು ಮೊದಲು ನೋಡೋಣ. ಪೆಡಲಿನ ಎರಡು ಕ್ರ್ಯಾಂಕುಗಳು ಸೇರುವ ಜಾಗವನ್ನು ಸೈಕಲ್ ಶಾಪಿನವರು ಬಿ.ಬಿ. ಎನ್ನುತ್ತಾರೆ. ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಫಿಕ್ಸ್ಡ್ ಸೈಕಲ್ಲಿಗೆ ಪ್ರಾಣದ ಪ್ರಶ್ನೆ. ಮಾಮೂಲಿ ಸೈಕಲ್ಲಿನಲ್ಲಿ ತಿರುವು ಬಂದಾಗ ನಾವು ಯೋಚಿಸದೆಯೇ ಒಳಬದಿಯ ಪೆಡಲನ್ನು ಮೇಲೆತ್ತಿ ಹಿಡಿಯುತ್ತೇವೆ. ಫಿಕ್ಸ್ಡ್‌ನಲ್ಲಿ ಅದು ಸಾಧ್ಯವಿಲ್ಲ. ಸೈಕಲ್ ವಾಲಿರುವಾಗಲೇ ಒಳಗಿನ ಪೆಡಲು ಕೆಳಗೆ ಬಂದೇ ಬರುತ್ತದೆ. ಅದು ನೆಲಕ್ಕೆ ತಾಗಿದರೆ ಹಿಂದಿನ ಗಾಲಿ ನೆಲ ಬಿಟ್ಟು ಎಗರುತ್ತದೆ, ಸವಾರ ರಸ್ತೆಯ ಮೇಲಿರುತ್ತಾನೆ.

ಲೆಕ್ಕ ಹಾಕಿ ನೋಡಿ. ಇವತ್ತಿನ ರೋಡ್ ಫ್ರೇಮುಗಳಲ್ಲಿ ಬಿ.ಬಿ.ಯ ನಡುಬಿಂದು ಗಾಲಿಗಳ ಅಚ್ಚಿಗಿಂತ 70ರಿಂದ 75 ಮಿಲಿಮೀಟರ್ ಕೆಳಗಿರುತ್ತದೆ, ಟ್ರ್ಯಾಕ್ ಫ್ರೇಮುಗಳಲ್ಲಿ 50ರಿಂದ 60 ಮಾತ್ರ. ಟೈರ್ ಸೇರಿ ಗಾಲಿಯ ತ್ರಿಜ್ಯ 338 ಮಿ.ಮೀ. ಅಂದುಕೊಂಡರೆ ರೋಡ್ ಫ್ರೇಮಿನ ಬಿ.ಬಿ. ನೆಲದಿಂದ ಸುಮಾರು 266 ಮಿ.ಮೀ., ಟ್ರ್ಯಾಕ್ ಫ್ರೇಮಿನದು 283. ಮೊದಲನೆಯದಕ್ಕೆ ಮಾಮೂಲಿನ 172.5 ಮಿ.ಮೀ. ಕ್ರ್ಯಾಂಕ್, ಎರಡನೆಯದಕ್ಕೆ 165ರ ಕ್ರ್ಯಾಂಕ್ ಹಾಕಿ, ಪೆಡಲಿನ ಅರ್ಧ ದಪ್ಪ 15 ಮಿ.ಮೀ. ಕಳೆಯಿರಿ. ಪೆಡಲಿನ ತಳ ಒಂದರಲ್ಲಿ ನೆಲದಿಂದ 78 ಮಿ.ಮೀ. ಮೇಲಿದ್ದರೆ ಇನ್ನೊಂದರಲ್ಲಿ 103. ಪೆಡಲಿನ ಹೊರ ಅಂಚು ಸೈಕಲ್ಲಿನ ನಡುಗೆರೆಯಿಂದ 170 ಮಿ.ಮೀ.ನಷ್ಟು ಆಚೆ ಇರುತ್ತದೆ. ಎತ್ತರವನ್ನು ಈ ಅಗಲದಿಂದ ಭಾಗಿಸಿದರೆ ಸೈಕಲ್ ಎಷ್ಟು ವಾಲಿದಾಗ ಪೆಡಲು ನೆಲ ಮುಟ್ಟುತ್ತದೆ ಎಂಬ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಕೋನ ಒಂದಕ್ಕೆ ಸುಮಾರು 25 ಡಿಗ್ರಿ, ಇನ್ನೊಂದಕ್ಕೆ 31. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ, ಅಂದರೆ ಕಾಲುವೆ ಸೇತುವೆ ದಾಟಿ ಕ್ಯಾಂಪಿನ ದಾರಿಗೆ ಹೊರಳುವಂಥ ಕಡೆ, 25 ಡಿಗ್ರಿ ವಾಲಲು ಗಂಟೆಗೆ 24 ಕಿಲೋಮೀಟರ್ ವೇಗ ಸಾಕು. 31 ಡಿಗ್ರಿಗೆ 28 ಕಿಲೋಮೀಟರ್ ಹತ್ತಿರ ಬೇಕು. ನಡುವಿನ ಆ ನಾಲ್ಕು ಕಿಲೋಮೀಟರೇ ಬಿದ್ದವರಿಗೂ ಬೀಳದವರಿಗೂ ಇರುವ ಅಂತರ. ರಸ್ತೆಯ ಮೇಲೆ ಒಂದು ಕಲ್ಲೋ ಉಬ್ಬೋ ಇದ್ದರೆ ಅದೂ ಕರಗುತ್ತದೆ.

ಹಾಗಾಗಿ ಮೊದಲ ಮಾತು: ಹಳೆಯ ರೋಡ್ ಫ್ರೇಮನ್ನು ಫಿಕ್ಸ್ಡ್ ಮಾಡುವುದಾದರೆ ಅಳತೆಪಟ್ಟಿ ಹಿಡಿದು ಬಿ.ಬಿ. ಎತ್ತರವನ್ನು ನೋಡಿ. 275 ಮಿ.ಮೀ.ಗಿಂತ ಕೆಳಗಿದ್ದರೆ 165 ಅಥವಾ 160ರ ಕ್ರ್ಯಾಂಕ್ ಹುಡುಕಿ, ಅಗಲ ಕಡಿಮೆ ಇರುವ ಪೆಡಲು ಹಾಕಿ. ದಪ್ಪ ಟೈರು ಹಾಕಿದರೂ ನಾಲ್ಕೈದು ಮಿ.ಮೀ. ಸಿಗುತ್ತದೆ. ಟ್ರ್ಯಾಕಿಗೂ ಈ ಎತ್ತರ ಬೇಕಾದದ್ದು ಬೇರೆ ಕಾರಣಕ್ಕೆ. ಓರೆಯಾದ ತಿರುವಿನಲ್ಲಿ ನಿಧಾನ ಹೋದರೆ ಸೈಕಲ್ ನೆಟ್ಟಗಿರುತ್ತದೆ, ನೆಲ ಮಾತ್ರ ವಾಲಿರುತ್ತದೆ, ಆಗ ಮೇಲ್ಬದಿಯ ಪೆಡಲು ಹಲಗೆಗೆ ತಾಗುತ್ತದೆ. ಕಾರಣ ಬೇರೆಯಾದರೂ ಮದ್ದು ಒಂದೇ ಆಯಿತು.

ಟ್ರ್ಯಾಕ್ ಫ್ರೇಮಿನ ಉಳಿದ ಗುಣಗಳಿಗೆ ಬರೋಣ. ಅದು ಗಿಡ್ಡ. ಮುಂದಿನ ಗಾಲಿ ಬಿ.ಬಿ.ಯ ಹತ್ತಿರ ಸರಿದಿರುತ್ತದೆ, ಹ್ಯಾಂಡಲ್ಲಿನ ನಳಿಕೆ ಕಡಿದಾಗಿ ನಿಂತಿರುತ್ತದೆ. ತಿರುಗಿಸಿದರೆ ತಕ್ಷಣ ತಿರುಗುತ್ತದೆ. ಇದರ ಬೆಲೆ ಪಾದ ತೆರಬೇಕು. ಬಿ.ಬಿ.ಯಿಂದ ಮುಂದಿನ ಅಚ್ಚಿಗೆ 575 ಮಿ.ಮೀ. ಇದೆ ಅನ್ನಿ. ಅದರಲ್ಲಿ ಗಾಲಿಯೇ 338 ನುಂಗಿತು, ಉಳಿದದ್ದು 237. ಕ್ರ್ಯಾಂಕ್ 165, ಅದರ ಮುಂದೆ ಚಪ್ಪಲಿಯ ತುದಿ ಹತ್ತು ಸೆಂಟಿಮೀಟರ್: ಒಟ್ಟು 265. ಎಂದರೆ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದಾಗ ಟೈರು ಬಂದು ಹೆಬ್ಬೆರಳಿಗೆ ಬಡಿಯುತ್ತದೆ. ಮಾಮೂಲಿ ಸೈಕಲ್ಲಾದರೆ ಆ ಗಳಿಗೆಯಲ್ಲಿ ಪೆಡಲು ನಿಲ್ಲಿಸಬಹುದು. ಇಲ್ಲಿ ಪಾದ ಮುಂದಕ್ಕೆ ಬರುತ್ತಲೇ ಇರುತ್ತದೆ. ವೇಗದಲ್ಲಿ ಯಾರೂ ಅಷ್ಟು ತಿರುಗಿಸುವುದಿಲ್ಲ, ನಿಜ. ಆದರೆ ಸಿಂಧನೂರಿನ ಸಂತೆ ದಿನದ ಜನದ ನಡುವೆ, ಬಸ್ ನಿಲ್ದಾಣದ ಮುಂದೆ, ಮನೆಯಂಗಳದಲ್ಲಿ ಸೈಕಲ್ ಹೊರಳಿಸುವಾಗ ತಿರುಗಿಸಲೇಬೇಕು. ಮುಂದಿನ ಅಂತರ 600 ಮಿ.ಮೀ. ದಾಟಿರುವ ಫ್ರೇಮನ್ನೇ ಆರಿಸಿ. ಮಡ್‌ಗಾರ್ಡ್ ಹಾಕುವ ಮನಸ್ಸಿದ್ದರೆ ಇನ್ನೂ ಒಂದಿಷ್ಟು ಹೆಚ್ಚಿರಲಿ.

ಸೈಕಲ್ ನೆಟ್ಟಗೆ ಓಡುತ್ತದೋ ಚಂಚಲವಾಗಿ ಓಡುತ್ತದೋ ಎಂಬುದನ್ನು ತಿಳಿಯಲು ಓಡಿಸಿಯೇ ನೋಡಬೇಕಿಲ್ಲ. ಸೈಕಲ್ಲನ್ನು ಗೋಡೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ. ನೂಲಿಗೊಂದು ನಟ್ ಕಟ್ಟಿ ಮುಂದಿನ ಅಚ್ಚಿನಿಂದ ಇಳಿಬಿಡಿ, ಅದು ನೆಲ ಮುಟ್ಟಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಟೈರು ನೆಲಕ್ಕೆ ತಾಗುವುದು ಅಲ್ಲೇ. ಈಗ ಹ್ಯಾಂಡಲ್ ಕೆಳಗಿನ ನಳಿಕೆಯ ಓರೆಗೆ ಸರಿಯಾಗಿ ಒಂದು ನೆಟ್ಟನೆಯ ಕಡ್ಡಿ ಹಿಡಿದು ನೆಲದವರೆಗೆ ಎಳೆಯಿರಿ, ಅಲ್ಲೊಂದು ಗುರುತು. ಎರಡನೆಯ ಗುರುತು ಮೊದಲಿನದಕ್ಕಿಂತ ಮುಂದೆ ಬೀಳುತ್ತದೆ. ಇವೆರಡರ ನಡುವಿನ ಅಂತರವನ್ನು ಟ್ರೇಲ್ ಎನ್ನುತ್ತಾರೆ. ತಿರುಗುವ ಅಚ್ಚು ಮುಂದೆ, ನೆಲಕ್ಕೆ ತಾಗುವ ಬಿಂದು ಹಿಂದೆ ಇರುವುದರಿಂದ ಗಾಲಿ ತನ್ನಷ್ಟಕ್ಕೆ ನೇರಕ್ಕೆ ಬರುತ್ತದೆ. ಟ್ರೇಲ್ ಹೆಚ್ಚಿದ್ದಷ್ಟೂ ವೇಗದಲ್ಲಿ ಸೈಕಲ್ ತನ್ನ ದಾರಿ ತಾನು ಹಿಡಿದು ಹೋಗುತ್ತದೆ, ನಿಧಾನದಲ್ಲಿ ಮಾತ್ರ ಹ್ಯಾಂಡಲ್ ಸ್ವಲ್ಪ ಭಾರ ಅನ್ನಿಸುತ್ತದೆ. ನಳಿಕೆ 73 ಡಿಗ್ರಿ ಓರೆಯಾಗಿದ್ದು ಫೋರ್ಕು 45 ಮಿ.ಮೀ. ಮುಂದಕ್ಕೆ ಬಾಗಿದ್ದರೆ ಟ್ರೇಲ್ 57 ಮಿ.ಮೀ. ಆಸುಪಾಸು ಬರುತ್ತದೆ. ರಸ್ತೆಗೆ 55ರಿಂದ 65 ಒಳ್ಳೆಯದು.

ಟ್ರ್ಯಾಕ್ ಫ್ರೇಮುಗಳಲ್ಲೂ ಟ್ರೇಲ್ ಇದೇ ಆಸುಪಾಸಿನಲ್ಲಿ ಇರಬಹುದು. ಅವುಗಳ ಚಂಚಲತೆಗೆ ಗಿಡ್ಡ ಮೈಯೂ ಕಾರಣ. ಹಾಗಾಗಿ ಟ್ರೇಲ್ ಒಂದನ್ನೇ ನೋಡಿ ತೀರ್ಮಾನಿಸಬಾರದು, ಎರಡು ಅಚ್ಚುಗಳ ನಡುವಿನ ಉದ್ದವನ್ನೂ ನೋಡಬೇಕು. ಆಷಾಢದ ಗಾಳಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸಿಂಧನೂರಿನಿಂದ ಮಸ್ಕಿಗೆ ಹೋಗುವಾಗ ಪಡುವಣ ಗಾಳಿ ಎಡಮಗ್ಗುಲಿಗೆ ಬಡಿಯುತ್ತದೆ. ಮರಳುವಾಗ ಅದೇ ಗಾಳಿ ಬಲಮಗ್ಗುಲಿಗೆ ಬಡಿಯುತ್ತದೆ, ಲಾರಿಯೊಂದು ದಾಟಿ ಹೋಗುವಾಗ ಒಮ್ಮೆಗೇ ನಿಂತು ಮರುಕ್ಷಣ ಮತ್ತೆ ಹೊಡೆಯುತ್ತದೆ. ಆಗ ಉದ್ದ ಮೈಯ, ನಿಧಾನ ಸ್ವಭಾವದ ಫ್ರೇಮು ಸವಾರನನ್ನು ಕಾಯುತ್ತದೆ.

ಗಾಳಿಯ ಮಾತು ಬಂದಮೇಲೆ ಗೇರಿನ ಮಾತೂ ಆಗಬೇಕು. ನೆಟ್ಟಗೆ ಕೂತ ಸವಾರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಲು ಸುಮಾರು 85 ವಾಟ್ ಖರ್ಚು ಮಾಡುತ್ತಾನೆ. ಎದುರಿನಿಂದ ಗಂಟೆಗೆ 15 ಕಿಲೋಮೀಟರಿನ ಗಾಳಿ ಬಂದರೆ ಅದೇ ವೇಗಕ್ಕೆ 215 ವಾಟ್ ಹತ್ತಿರ ಬೇಕು, ಏಕೆಂದರೆ ತಡೆ ಹೆಚ್ಚುವುದು ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ. ಬಯಲುಸೀಮೆಗೆ ಘಾಟಿ ಇಲ್ಲ ನಿಜ, ಗಾಳಿಯೇ ಅದರ ಘಾಟಿ. ಗೇರು ಒಂದೇ ಇರುವವರು ಅದನ್ನು ಎದುರುಗಾಳಿಗೆ ಹೊಂದಿಸಿ ಆರಿಸಬೇಕು. 46 ಹಲ್ಲಿನ ಚೈನ್‌ವೀಲ್, ಹಿಂದೆ 18 ಹಲ್ಲು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.46 ಮೀಟರ್ ಹೋಗುತ್ತದೆ. 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 76 ಸುತ್ತು ತುಳಿದರೆ ಸಾಕು. ಲಿಂಗಸೂಗೂರಿನ ಕಡೆಯ ಇಳಿಜಾರಿನಲ್ಲಿ ವೇಗ 40 ಆದರೆ 122 ಸುತ್ತು, ರೂಢಿಯಾದ ಕಾಲು ಅದನ್ನೂ ತಾಳುತ್ತದೆ. ಒಂದು ಖುಷಿಯ ಸಂಗತಿ ಇದೆ. ನಮ್ಮ ಹಳೆಯ 28 ಇಂಚಿನ ಗಾಲಿಯ ಕರಿ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು 44 ಮತ್ತು 18 ಹಲ್ಲು. ಗಾಲಿ ದೊಡ್ಡದಾದ್ದರಿಂದ ಒಂದು ಸುತ್ತಿಗೆ ಅದು ಹೋಗುವ ದೂರವೂ ಹೆಚ್ಚುಕಡಿಮೆ ಅದೇ 5.46 ಮೀಟರ್. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಿಕೊಂಡು ತುಳಿದವರ ಕಾಲು ಒಪ್ಪಿಕೊಂಡ ಗೇರು ಅದು.

ಈಗ ಬ್ರೇಕು. ಟ್ರ್ಯಾಕ್ ಫ್ರೇಮಿನ ಫೋರ್ಕಿಗೆ ಬ್ರೇಕಿನ ತೂತು ಇರುವುದಿಲ್ಲ. ಕಾಲಿನಿಂದಲೇ ಹಿಮ್ಮುಖ ಒತ್ತಿ ನಿಲ್ಲಿಸಬಹುದು ಎಂಬ ಧೈರ್ಯದಲ್ಲಿ ಕೆಲವರು ಅದನ್ನೇ ರಸ್ತೆಗೆ ತರುತ್ತಾರೆ. ಇದನ್ನು ನಾನು ಒಪ್ಪಲಾರೆ. ಕಾಲು ಎಷ್ಟೇ ಬಲವಾಗಿದ್ದರೂ ಅದು ತಡೆಯುವುದು ಹಿಂದಿನ ಗಾಲಿಯನ್ನು. ವೇಗ ತಗ್ಗಿದಾಗ ಮೈಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ, ಹಗುರಾದ ಗಾಲಿ ಜಾರುತ್ತದೆ. ಅಚ್ಚುಗಳ ನಡುವೆ ಒಂದು ಮೀಟರ್, ಸವಾರನ ಗುರುತ್ವಕೇಂದ್ರ ನೆಲದಿಂದ 1.1 ಮೀಟರ್, ಒಣ ಡಾಂಬರಿನ ಹಿಡಿತ 0.7 ಎಂದು ಇಟ್ಟುಕೊಂಡರೆ, ಗಂಟೆಗೆ 25 ಕಿಲೋಮೀಟರ್ ವೇಗದಿಂದ ಹಿಂದಿನ ಗಾಲಿಯೊಂದರಿಂದಲೇ ನಿಲ್ಲಲು ಸುಮಾರು 11 ಮೀಟರ್ ಬೇಕು. ಮುಂದಿನ ಬ್ರೇಕನ್ನು ಸರಿಯಾಗಿ ಹಿಡಿದರೆ 5 ಮೀಟರಿನ ಆಸುಪಾಸು ಸಾಕು. ಎರಡರ ನಡುವಿನ ಆರು ಮೀಟರಿನಲ್ಲಿ ಒಂದು ಎತ್ತಿನ ಗಾಡಿ ನಿಲ್ಲುತ್ತದೆ, ಒಂದು ಮಗು ಅಡ್ಡ ಓಡಿ ಬರುತ್ತದೆ.

ಇದೂ ಒಣ ರಸ್ತೆಯ ಲೆಕ್ಕ. ಸುಗ್ಗಿಯಲ್ಲಿ ಈ ಬಯಲಿನ ರಸ್ತೆಗಳನ್ನು ನೋಡಿ. ಅರ್ಧ ಡಾಂಬರಿನ ಮೇಲೆ ಭತ್ತ ಒಣಗಲು ಹರಡಿರುತ್ತದೆ, ಅದರ ಅಂಚು ಗಾಳಿಗೆ ಚದುರಿ ಉಳಿದರ್ಧಕ್ಕೂ ಬಂದಿರುತ್ತದೆ. ಒಣ ಭತ್ತದ ಕಾಳಿನ ಮೇಲೆ ಟೈರಿಗೆ ಹಿಡಿತವೇ ಸಿಗುವುದಿಲ್ಲ. ಅಲ್ಲಿ ಹಿಂದಿನ ಗಾಲಿಯನ್ನು ಕಾಲಿನಿಂದ ಬಿಗಿಹಿಡಿದರೆ ಸೈಕಲ್ ಅಡ್ಡಡ್ಡ ಸರಿಯುತ್ತದೆ. ರಾಶಿ ತಲುಪುವ ಮುಂಚೆಯೇ ಒಣ ನೆಲದಲ್ಲಿ ಮುಂದಿನ ಬ್ರೇಕಿನಿಂದ ವೇಗ ಇಳಿಸಿ, ಕಾಳಿನ ಮೇಲೆ ಏನನ್ನೂ ಹಿಡಿಯದೆ ಸುಮ್ಮನೆ ತುಳಿದು ದಾಟುವುದೇ ಸರಿ. ಬ್ರಿಟನ್ನಿನ ಕಾನೂನು ಫಿಕ್ಸ್ಡ್ ಸೈಕಲ್ ರಸ್ತೆಗಿಳಿಯಬೇಕಾದರೆ ಮುಂದಿನ ಬ್ರೇಕ್ ಇರಲೇಬೇಕು ಎನ್ನುತ್ತದೆ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸ್ಡ್ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು, ಮರುವರ್ಷ ಸವಾರ ಜೈಲಿಗೆ ಹೋದ. ಬ್ರೇಕಿನ ತೂತಿಲ್ಲದ ಫೋರ್ಕ್ ಎಷ್ಟೇ ಚೆಂದವಿದ್ದರೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ರಸ್ತೆಗೆ ಬೇಡ.

ಹಿಂದಿನ ಗಾಲಿ ಕೂರುವ ಸೀಳನ್ನೂ ನೋಡಬೇಕು. ಡಿರೇಲರ್ ಇರುವ ಸೈಕಲ್ಲಿನಲ್ಲಿ ಚೈನಿನ ಸಡಿಲಿಕೆಯನ್ನು ಅದರ ಸ್ಪ್ರಿಂಗ್ ಎಳೆದು ಹಿಡಿಯುತ್ತದೆ. ಫಿಕ್ಸ್ಡ್‌ನಲ್ಲಿ ಗಾಲಿಯನ್ನೇ ಹಿಂದಕ್ಕೆ ಸರಿಸಿ ಚೈನ್ ಬಿಗಿ ಮಾಡಬೇಕು. ಹಾಗಾಗಿ ಸೀಳು ಅಡ್ಡವಾಗಿರಬೇಕು. ಹೊಸ ರೋಡ್ ಫ್ರೇಮುಗಳಲ್ಲಿ ಸೀಳು ಲಂಬವಾಗಿರುತ್ತದೆ, ಅಲ್ಲಿ ಗಾಲಿಗೆ ಒಂದೇ ಜಾಗ. ಬೇರೆ ಉಪಾಯಗಳಿಲ್ಲದಿಲ್ಲ, ಆದರೆ ಅವು ದುಬಾರಿ, ನಮ್ಮೂರಿನ ಅಂಗಡಿಗಳಲ್ಲಿ ಸಿಗುವಂಥವಲ್ಲ. ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ ಅಚ್ಚು 3 ಮಿ.ಮೀ.ನಷ್ಟು ಮುಂದೆ ಬರುತ್ತದೆ. ಚೈನಿನ ಒಂದು ಜೋಡಿ ಕೊಂಡಿ ತೆಗೆದರೆ ಸುಮಾರು 13 ಮಿ.ಮೀ. ಸೀಳು ಅದಕ್ಕಿಂತ ಉದ್ದವಿದ್ದರೆ ಯಾವ ಜೋಡಿ ಹಲ್ಲು ಹಾಕಿದರೂ ಎಲ್ಲೋ ಒಂದು ಕಡೆ ಚೈನ್ ಹದಕ್ಕೆ ಬರುತ್ತದೆ. ಇದು ಅನುಕೂಲದ ಮಾತಷ್ಟೇ ಅಲ್ಲ. ಸಡಿಲ ಚೈನ್ ಮಾಮೂಲಿ ಸೈಕಲ್ಲಿನಲ್ಲಿ ಬಿದ್ದರೆ ಕೈ ಮಸಿಯಾಗುತ್ತದೆ. ಫಿಕ್ಸ್ಡ್‌ನಲ್ಲಿ ಬಿದ್ದರೆ ಹಲ್ಲಿಗೂ ಹಬ್ಬಿಗೂ ನಡುವೆ ಸಿಕ್ಕು ಗಾಲಿಯನ್ನೇ ಕಟ್ಟಿಬಿಡಬಹುದು.

ಲುಂಗಿ, ಪಂಚೆ, ಸೀರೆ, ದುಪಟ್ಟಾದ ಸೀಮೆಯಲ್ಲಿ ಚೈನಿನ ಬಗ್ಗೆ ಇನ್ನೊಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಬಟ್ಟೆ ಸಿಕ್ಕಿದಾಗ ಮಾಮೂಲಿ ಸೈಕಲ್ಲಿನ ಪೆಡಲು ನಿಲ್ಲಿಸಿದರೆ ಎಳೆತ ನಿಲ್ಲುತ್ತದೆ. ಫಿಕ್ಸ್ಡ್‌ನಲ್ಲಿ ಗಾಲಿ ನಿಲ್ಲುವವರೆಗೂ ಚೈನ್ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಲೇ ಹೋಗುತ್ತದೆ. ಚೈನ್‌ಕವರ್ ಕೂರಿಸಲು ಜಾಗವಿರುವ ಫ್ರೇಮು ಒಳ್ಳೆಯದು. ಓಡುತ್ತ ಓಡುತ್ತ ಎಡಗಾಲನ್ನು ಪೆಡಲಿಗಿಟ್ಟು ಬಲಗಾಲನ್ನು ಹಿಂದಿನಿಂದ ಬೀಸಿ ಹತ್ತುವ ನಮ್ಮ ರೂಢಿಯೂ ಇಲ್ಲಿ ನಡೆಯುವುದಿಲ್ಲ, ಕಾಲಿಟ್ಟ ಪೆಡಲು ತಿರುಗಿಹೋಗುತ್ತದೆ. ಇಳಿಯುವಾಗಲೂ ಅಷ್ಟೇ. ಪೂರ್ತಿ ನಿಲ್ಲಿಸಿ ಎರಡೂ ಪಾದ ನೆಲಕ್ಕೆ ಊರುವಂತಿರಬೇಕು. ಹಾಗೆ ನಿಂತಾಗ ಮೇಲಿನ ನಳಿಕೆಗೂ ಮೈಗೂ ನಡುವೆ ಎರಡು ಬೆರಳು ಆಡುವಷ್ಟು ಜಾಗ ಇರಲಿ. ಕಾಲಿನ ಒಳಉದ್ದವನ್ನು 0.883ರಿಂದ ಗುಣಿಸಿದರೆ ಬಿ.ಬಿ.ಯಿಂದ ಸೀಟಿನ ಮೇಲ್ಭಾಗದ ಎತ್ತರ ಸಿಗುತ್ತದೆ. 80 ಸೆಂಟಿಮೀಟರ್ ಕಾಲಿಗೆ ಸುಮಾರು 70.6. ಅಲ್ಲಿಂದ ಅರ್ಧ ಸೆಂಟಿಮೀಟರ್ ಕೆಳಗಿಟ್ಟರೆ ಇಳಿಜಾರಿನಲ್ಲಿ ಜೋರಾಗಿ ತಿರುಗುವ ಕಾಲಿಗೆ ಹಿತ.

ಟೈರಿನ ಜಾಗದಲ್ಲಿ ಜಿಪುಣತನ ಬೇಡ. ಬಹುಪಾಲು ಟ್ರ್ಯಾಕ್ ಫ್ರೇಮುಗಳಲ್ಲಿ 23, 25 ಮಿ.ಮೀ. ಟೈರಿಗಷ್ಟೇ ಅವಕಾಶ. ಇಲ್ಲಿನ ರಸ್ತೆಗಳ ಕೆಳಗೆ ಎರೆಭೂಮಿ ಇದೆ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ನಾಟಿಯ ಕಾಲದಲ್ಲಿ ಕೇಜ್‌ವೀಲ್ ಹಾಕಿಕೊಂಡೇ ರಸ್ತೆಗಿಳಿಯುವ ಟ್ರ್ಯಾಕ್ಟರುಗಳು ಆ ಡಾಂಬರಿನ ಮೇಲೆ ಅಡ್ಡ ಕೊರೆದು ಹೋಗುತ್ತವೆ. ಗದ್ದೆಯಿಂದ ಬಂದ ಎರೆಮಣ್ಣು ಟೈರಿಗೆ ಮೆತ್ತಿ, ಫ್ರೇಮಿಗೂ ಟೈರಿಗೂ ಸಂದಿ ಕಡಿಮೆಯಿದ್ದರೆ ಅಲ್ಲೇ ಗಟ್ಟಿಯಾಗಿ ಗಾಲಿಯನ್ನು ನಿಲ್ಲಿಸುತ್ತದೆ. ಕಡೇಪಕ್ಷ 32 ಮಿ.ಮೀ. ಟೈರು, ಅದರ ಸುತ್ತ ಬೆರಳು ತೂರುವಷ್ಟು ಸಂದಿ. ರಸ್ತೆಯ ಕುಲುಕಾಟವನ್ನು ಫ್ರೇಮಿನ ಲೋಹ ನುಂಗುತ್ತದೆ ಎಂಬ ಮಾತನ್ನು ಬಹಳ ಕೇಳುತ್ತೇವೆ. ನುಂಗುವುದು ಮುಖ್ಯವಾಗಿ ಟೈರಿನೊಳಗಿನ ಹವಾ.

ಲೋಹದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಉಕ್ಕಿನ ಬಿಗುವು 200 ಗಿಗಾಪಾಸ್ಕಲ್ ಹತ್ತಿರ, ಅಲ್ಯೂಮಿನಿಯಮ್ಮಿನದು 70. ಸಾಂದ್ರತೆಯಲ್ಲೂ ಹೆಚ್ಚುಕಡಿಮೆ ಅದೇ ಅನುಪಾತ. ಹಾಗಾಗಿ ತೂಕಕ್ಕೆ ತಕ್ಕ ಬಿಗುವು ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಇರುವುದು ದಣಿವಿನಲ್ಲಿ. ಒಂದು ಮಿತಿಯ ಒಳಗಿನ ಹೊರೆಯನ್ನು ಉಕ್ಕು ಎಷ್ಟು ಸಲ ಬೇಕಾದರೂ ತಾಳಬಲ್ಲದು, ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಮತ್ತೆ, ಉಕ್ಕಿನ ಫ್ರೇಮ್ ಬಿರುಕು ಬಿಟ್ಟರೆ ಬೆಸೆಯುವ ಕೈ ಸಿಂಧನೂರಿನಲ್ಲೂ ಇದೆ, ಮಸ್ಕಿಯಲ್ಲೂ ಇದೆ. ಇಷ್ಟೇ ಸಾಕು, ನನ್ನ ಓಟು ಉಕ್ಕಿಗೆ.

ಇವನ್ನೆಲ್ಲ ಒಂದು ಕಡೆ ಇಟ್ಟು ನೋಡಿದರೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಎತ್ತರದ ಬಿ.ಬಿ., ಪಾದಕ್ಕೆ ಟೈರು ತಾಗದ ಉದ್ದ ಮೈ, ಓರೆಯಾದ ಮುಂದಿನ ನಳಿಕೆ, ಹಿಂದಕ್ಕೆ ತೆರೆದ ಅಡ್ಡ ಸೀಳು, ಅದಕ್ಕೊಂದು ಚೈನ್ ಅಡ್ಜಸ್ಟರ್, ದಪ್ಪ ಟೈರಿಗೆ ಜಾಗ, ಚೈನ್‌ಕವರ್, ಮಡ್‌ಗಾರ್ಡ್, ಉಕ್ಕಿನ ಮೈ. ಇದು ಯಾವ ಸೈಕಲ್? ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಹೆಸರಿನಲ್ಲಿ ನಮ್ಮ ಅಜ್ಜಂದಿರು ತುಳಿದ ಕರಿ ಸೈಕಲ್. ಅಸನ್ಸೋಲ್‌ನ ಸೇನ್-ರಾಲೆ ಕಾರ್ಖಾನೆ ಬಂಗಾಳದಲ್ಲಿ ಮಾಡುತ್ತಿದ್ದದ್ದೂ ಇದೇ ಜಾತಿಯ ಸೈಕಲ್ಲನ್ನು. ಅದು ಭಾರ, ಇಪ್ಪತ್ತು ಕಿಲೋದ ಆಚೀಚೆ ತೂಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಹತ್ತು ಕಿಲೋ ಹೆಚ್ಚುವರಿ ಭಾರ ಕೇಳುವುದು ಸುಮಾರು 4 ವಾಟ್. ಎದುರುಗಾಳಿ ಕೇಳಿದ್ದು ಎಷ್ಟೆಂದು ಆಗಲೇ ನೋಡಿದೆವು.

ಆದರೆ ಕರಿ ಸೈಕಲ್ಲನ್ನು ಫಿಕ್ಸ್ಡ್ ಮಾಡುವುದರಲ್ಲಿ ಅಪಾಯದ ಅಡ್ಡದಾರಿ ಒಂದಿದೆ: ಫ್ರೀವೀಲಿಗೆ ವೆಲ್ಡಿಂಗ್ ಹೊಡೆದು ಬಿಗಿ ಮಾಡುವುದು. ಫ್ರೀವೀಲಿನ ಮರೆ ಮುಂದಕ್ಕೆ ತುಳಿದಾಗ ಬಿಗಿಯಾಗುವಂಥದ್ದು. ಹಿಮ್ಮುಖ ಒತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ, ನಿಲ್ಲಿಸಬೇಕಾದ ಗಳಿಗೆಯಲ್ಲೇ ಕಾಲು ಖಾಲಿ ತಿರುಗುತ್ತದೆ. ನಿಜವಾದ ಟ್ರ್ಯಾಕ್ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಗೆ ಎಡಮರೆಯ ಲಾಕ್‌ರಿಂಗ್ ಇರುತ್ತದೆ. ಚಕ್ರ ಬಿಚ್ಚಲು ಹೊರಟರೆ ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಅಂಥ ಹಬ್ಬೇ ಬೇಕು, ಅದಕ್ಕೆ ಬದಲಿಯಿಲ್ಲ. ಟ್ರ್ಯಾಕ್ ಹಬ್ಬಿನ ಅಗಲ 120 ಮಿ.ಮೀ. ಕರಿ ಸೈಕಲ್ಲಿನ ಹಿಂಭಾಗ ಅದಕ್ಕಿಂತ ಕಿರಿದಾಗಿದ್ದರೆ ತಿಳಿದ ಮೇಸ್ತ್ರಿ ಉಕ್ಕಿನ ಕಾಲುಗಳನ್ನು ಎರಡೂ ಕಡೆ ಸಮನಾಗಿ ಅಗಲಿಸಬಲ್ಲ. ಕಡ್ಡಿಗಳ ಲೆಕ್ಕವೂ ತೊಡಕಿನದು. ಕರಿ ಸೈಕಲ್ಲಿನ ಹಿಂದಿನ ಗಾಲಿಗೆ ಸಾಮಾನ್ಯವಾಗಿ 40 ಕಡ್ಡಿ, ಮುಂದಿನದಕ್ಕೆ 32. ಟ್ರ್ಯಾಕ್ ಹಬ್ಬುಗಳು 32 ಅಥವಾ 36 ತೂತಿನವು. ಮುಂದಿನ ಗಾಲಿಯ ರಿಮ್ಮನ್ನೇ ಇನ್ನೊಂದು ಕೊಂಡು 32 ತೂತಿನ ಹಬ್ಬಿಗೆ ಕಟ್ಟಿಸಿದರೆ ಕೆಲಸ ಸಲೀಸು, ರಾಡ್ ಬ್ರೇಕೂ ಹಾಗೇ ಉಳಿಯುತ್ತದೆ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಮೇಲೆ ಮಾತ್ರ ಕಣ್ಣಿಡಿ. ಮುಂದಕ್ಕೂ ಹಿಂದಕ್ಕೂ ಬೀಳುವ ಒತ್ತಡಕ್ಕೆ ಅದು ಬೇಗ ಸಡಿಲವಾಗುತ್ತದೆ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳೂ ಅನೇಕ ಮನೆಗಳ ಮೂಲೆಯಲ್ಲಿವೆ. ಅವು ಮಕ್ಕಳ ಅಳತೆಯವು, ಬೆಳೆದವರು ಈ ಕೆಲಸಕ್ಕೆ ಬಳಸದಿರುವುದೇ ಒಳ್ಳೆಯದು.

ರಾಡ್ ಬ್ರೇಕಿನ ಹಿಡಿತ ಸಾಲದು ಅನ್ನಿಸಿದರೆ, ಅಥವಾ ವೇಗದ ಓಟವೇ ಮುಖ್ಯವಾದರೆ, ಅಡ್ಡ ಸೀಳಿನ ಹಳೆಯ ಉಕ್ಕಿನ ರೋಡ್ ಫ್ರೇಮು ಹುಡುಕಿ ಗಿಡ್ಡ ಕ್ರ್ಯಾಂಕ್ ಹಾಕಿಕೊಳ್ಳಿ. ಹೊಸ ಟ್ರ್ಯಾಕ್ ಫ್ರೇಮಿಗಿಂತ ಇವೆರಡೂ ನಮ್ಮ ರಸ್ತೆಗೆ ಮೇಲು. ಟ್ರ್ಯಾಕ್ ಫ್ರೇಮು ಬೇಕಾದದ್ದು ವಿಜಯಪುರದ ಮಕ್ಕಳಿಗೆ, ಅದಕ್ಕೆ ತಕ್ಕ ಟ್ರ್ಯಾಕಿನ ಜೊತೆಗೆ. ಯಾವ ಫ್ರೇಮಿಗಾದರೂ ದುಡ್ಡು ಕೊಡುವ ಮೊದಲು ಅಳತೆಪಟ್ಟಿ, ನೂಲು, ಒಂದು ನಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಿ.ಬಿ. ಎತ್ತರ, ಮುಂದಿನ ಅಂತರ, ಸೀಳಿನ ಉದ್ದ, ಬ್ರೇಕಿನ ತೂತು, ಈ ನಾಲ್ಕನ್ನು ನೋಡದೆ ಬಣ್ಣ ನೋಡಬೇಡಿ.